ಬಾಡಿಗೆ ಕಾರು, ಪರದೇಶದ ದಂಡ

ಅಡಿಕೆ ಸುಲಿತ ಮುಗಿದು ಮಾಲು ಮಾರಾಟಕ್ಕೆ ಹೋದ ಮೇಲೆ, ಕಾಫಿ ಕೊಯ್ಲು ಮುಗಿದು ಕಣ ಖಾಲಿಯಾದ ಮೇಲೆ, ಮುಂಗಾರು ಹಿಡಿಯುವವರೆಗೆ ನಮ್ಮಂಥ ಸಣ್ಣ ಬೆಳೆಗಾರರಿಗೆ ಸ್ವಲ್ಪ ಬಿಡುವು. ಹಿಂದೆ ಈ ಬಿಡುವಿನಲ್ಲಿ ಧರ್ಮಸ್ಥಳಕ್ಕೋ ಶ್ರೀಶೈಲಕ್ಕೋ ಹೋಗಿ ಬರುತ್ತಿದ್ದೆವು. ಈಗ ಮಕ್ಕಳು ದೂರ ದೇಶಗಳಲ್ಲಿ ನೌಕರಿ ಹಿಡಿದಿದ್ದಾರೆ. ಆದ್ದರಿಂದ ಎಷ್ಟೋ ಸದಸ್ಯರ ಯಾತ್ರೆ ಇಂಗ್ಲೆಂಡು, ಜರ್ಮನಿ, ದುಬೈಗಳ ಕಡೆಗೆ ತಿರುಗಿದೆ. ಅಲ್ಲಿ ಹೋದ ಮೇಲೆ ನಾಲ್ಕು ದಿನ ಬಾಡಿಗೆ ಕಾರು ಹಿಡಿದು ಊರು ನೋಡುವುದೂ ಉಂಟು. ಊರು ನೋಡಿದ್ದು ಮರೆತು, ಇಲ್ಲಿ ತೋಟದ ಕೆಲಸದಲ್ಲಿ ಮುಳುಗಿರುವಾಗ ಅಲ್ಲಿಂದ ದಂಡದ ಕಾಗದ ಬರುತ್ತದೆ. ಆಗ ಏನು ಮಾಡಬೇಕು, ಮುಖ್ಯವಾಗಿ ಏನು ಮಾಡಬಾರದು ಎಂಬುದನ್ನು ನಮ್ಮ ಅನುಭವದಿಂದಲೇ ಸದಸ್ಯ ಬಾಂಧವರ ಮುಂದಿಡುವುದು ಈ ಲೇಖನದ ಉದ್ದೇಶ. ಅನುಭವದಲ್ಲಿ ನಮ್ಮ ತಪ್ಪೂ ಇದೆ. ಅದನ್ನು ಮುಚ್ಚಿಟ್ಟು ಬರೆದರೆ ಓದಿದವರಿಗೆ ಪ್ರಯೋಜನವಿಲ್ಲ.

ಪ್ರಯಾಣದ ಕಥೆ

2024ರ ಮೇ ತಿಂಗಳಲ್ಲಿ ನಾವು ಮನೆಯವರೊಡನೆ ಅಕ್ಕಿಆಲೂರಿನಿಂದ ಹೊರಟು ಇಂಗ್ಲೆಂಡಿನ ರೆಡಿಂಗ್ ಪಟ್ಟಣದಲ್ಲಿರುವ ಮಗಳ ಮನೆಗೆ ಹೋದೆವು. ಹೊರಡುವ ಮೊದಲು ಹಾವೇರಿಯ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ಅಂತರರಾಷ್ಟ್ರೀಯ ಚಾಲನಾ ಪರವಾನಿಗೆ ಮಾಡಿಸಿಕೊಂಡಿದ್ದೆವು. ಇದಕ್ಕೆ ನಮೂನೆ 4ಎ ಅರ್ಜಿ ಕೊಡಬೇಕು. ಜೊತೆಗೆ ಲೈಸನ್ಸು, ಪಾಸ್‌ಪೋರ್ಟು, ವೀಸಾ ತೋರಿಸಬೇಕು. ಶುಲ್ಕ 1,000 ರೂಪಾಯಿ, ಅವಧಿ ಒಂದು ವರ್ಷ. ಬ್ರಿಟನ್ನಿನಲ್ಲಿ ನಮ್ಮ ದೇಶದ ಲೈಸನ್ಸಿನ ಮೇಲೆಯೇ 12 ತಿಂಗಳವರೆಗೆ ಸಣ್ಣ ವಾಹನ ಓಡಿಸಬಹುದು. ಆದರೂ ಬಾಡಿಗೆ ಕೊಡುವವರು ಈ ಪುಸ್ತಕ ಕೇಳುವುದುಂಟು. ಪುಸ್ತಕವೊಂದೇ ಸಾಲದು, ಮೂಲ ಲೈಸನ್ಸೂ ಜೊತೆಯಲ್ಲಿರಬೇಕು ಎಂಬುದನ್ನು ಸದಸ್ಯರು ಗಮನಿಸಬೇಕು.

ಅಳಿಯಂದಿರ ಕಾರು ಐದು ಜನಕ್ಕೆ, ಅಷ್ಟು ಸಾಮಾನಿಗೆ ಸಾಲದು. ವೇಲ್ಸ್ ಕಡೆಗೆ ಐದು ದಿನ ಹೋಗಿ ಬರಲು ಅವರ ಹೆಸರಿನಲ್ಲಿ ದೊಡ್ಡ ಕಾರೊಂದನ್ನು ಬಾಡಿಗೆಗೆ ತಂದೆವು. ಎರಡನೆಯ ಚಾಲಕರೆಂದು ನಮ್ಮ ಹೆಸರನ್ನೂ ಸೇರಿಸಿದರು. ಅದಕ್ಕೆ ದಿನಕ್ಕಿಷ್ಟೆಂದು ಬೇರೆ ಹಣ. ಕರಾರು ಪತ್ರದಲ್ಲಿ ಹೆಸರಿಲ್ಲದವರು ಓಡಿಸಿದರೆ ಅವಘಡವಾದಾಗ ವಿಮೆ ಸಿಗದು. ಆದ್ದರಿಂದ ಇದು ದುಂದಲ್ಲ.

ಅಲ್ಲಿಯೂ ನಮ್ಮಲ್ಲಿಯಂತೆ ರಸ್ತೆಯ ಎಡಬದಿಯಲ್ಲೇ ಸಂಚಾರ. ಅದರಿಂದ ಧೈರ್ಯ ಬಂತು. ಆದರೆ ವೇಗದ ಲೆಕ್ಕ ಮೈಲಿಯಲ್ಲಿ. ಫಲಕದ ಮೇಲೆ 30 ಎಂದಿದ್ದರೆ ನಮ್ಮ ಲೆಕ್ಕದಲ್ಲಿ ಸುಮಾರು 48 ಕಿಲೋಮೀಟರು. 20 ಎಂದರೆ 32. ಇದರ ಮೇಲೆ ವೇಲ್ಸ್‌ನಲ್ಲಿ 2023ರ ಸೆಪ್ಟೆಂಬರ್ 17ರಿಂದ ಮನೆಗಳಿರುವ ಬೀದಿಗಳಲ್ಲಿ ಸಾಮಾನ್ಯ ಮಿತಿಯನ್ನು 30ರಿಂದ 20 ಮೈಲಿಗೆ ಇಳಿಸಿದ್ದಾರೆ. ಇಂಗ್ಲೆಂಡಿನಲ್ಲಿ ಓಡಿಸಿ ರೂಢಿಯಾದ ಕಾಲು ವೇಲ್ಸ್‌ನ ಹಳ್ಳಿಯಲ್ಲೂ ಹಾಗೆಯೇ ಒತ್ತುತ್ತದೆ. ಎರಡನೆಯ ದಿನ ಮಧ್ಯಾಹ್ನ, ಊಟವಾದ ಮೇಲೆ, ಯಾವುದೋ ಒಂದು ಹಳ್ಳಿಯ ಬೀದಿಯಲ್ಲಿ ನಮ್ಮ ಕಾರು 33 ಮೈಲಿ ವೇಗದಲ್ಲಿ ಹಾದುಹೋಯಿತು. ಕ್ಯಾಮರಾ ತನ್ನ ಕೆಲಸ ಮಾಡಿತು. ನಮಗಾರಿಗೂ ಗೊತ್ತಾಗಲಿಲ್ಲ. ಯಾರೂ ತಡೆಯಲಿಲ್ಲ, ಯಾರೂ ಸೀಟಿ ಊದಲಿಲ್ಲ.

ಜೂನ್ ಮೊದಲ ವಾರ ನಾವು ಊರಿಗೆ ಮರಳಿ ಮೈಲುತುತ್ತ, ಸುಣ್ಣ ತಂದು ಬೋರ್ಡೋ ಸಿಂಪಡಣೆಗೆ ಆಳು ಹುಡುಕತೊಡಗಿದೆವು.

ದಂಡ ಬರುವ ದಾರಿ

ಪರದೇಶದಲ್ಲಿ ಕ್ಯಾಮರಾ ಹಿಡಿಯುವುದು ಗಾಡಿಯ ನಂಬರನ್ನು. ಚಾಲಕ ಯಾರೆಂದು ಅದಕ್ಕೆ ತಿಳಿಯದು. ಆದ್ದರಿಂದ ಮೊದಲ ಪತ್ರ ಗಾಡಿಯ ಒಡೆಯನಿಗೆ, ಎಂದರೆ ಬಾಡಿಗೆ ಕೊಟ್ಟ ಕಂಪನಿಗೆ ಹೋಗುತ್ತದೆ. ಬ್ರಿಟನ್ನಿನಲ್ಲಿ ಕ್ಯಾಮರಾ ಹಿಡಿದ ವೇಗದ ಪ್ರಕರಣದಲ್ಲಿ ಈ ಮೊದಲ ಪತ್ರ 14 ದಿನದೊಳಗೆ ಒಡೆಯನನ್ನು ಮುಟ್ಟಬೇಕೆಂದು ನಿಯಮ. ಕಂಪನಿಯು ಕರಾರು ಪತ್ರ ತೆಗೆದು, "ಆ ದಿನ ಗಾಡಿ ಇಂಥವರ ಕೈಯಲ್ಲಿತ್ತು" ಎಂದು ಪೋಲೀಸರಿಗೆ ತಿಳಿಸುತ್ತದೆ. ಅನಂತರ ಎರಡನೆಯ ಪತ್ರ ಬಾಡಿಗೆ ಹಿಡಿದವರ ಹೆಸರಿಗೆ ಬರುತ್ತದೆ. ಈ ಎರಡನೆಯ ಪತ್ರಕ್ಕೆ 14 ದಿನದ ಕಟ್ಟು ಇಲ್ಲ. ಅದು ತಡವಾಗಿ ಬಂದರೂ ಊರ್ಜಿತವೇ. "ಇಷ್ಟು ದಿನ ಆದ ಮೇಲೆ ಬಂದ ಕಾಗದ ನಡೆಯುವುದಿಲ್ಲ" ಎಂದು ಯಾರಾದರೂ ಹೇಳಿದರೆ ನಂಬಬಾರದು.

ನಮ್ಮ ವಿಷಯದಲ್ಲಿ ಪತ್ರಕ್ಕಿಂತ ಮೊದಲು ಬಂದದ್ದು ಬ್ಯಾಂಕಿನ ಸಂದೇಶ. ಅಳಿಯಂದಿರ ಕಾರ್ಡಿನಿಂದ ಬಾಡಿಗೆ ಕಂಪನಿಯವರು 40 ಪೌಂಡು ಕಡಿದುಕೊಂಡಿದ್ದರು. ಅಳಿಯಂದಿರು, ಏನೋ ದಂಡವಾಗಿರಬೇಕು, ತೀರಿಹೋಯಿತು ಎಂದು ತಿಳಿದು ಸುಮ್ಮನಾದರು. ಅದು ದಂಡವಲ್ಲ! ಪೋಲೀಸರಿಗೆ ಹೆಸರು ತಿಳಿಸಿದ್ದಕ್ಕೆ ಕಂಪನಿ ತೆಗೆದುಕೊಂಡ ಕೈಖರ್ಚು. ಕರಾರು ಪತ್ರದ ಸಣ್ಣ ಅಕ್ಷರಗಳಲ್ಲಿ ಇದು ಬರೆದೇ ಇತ್ತು, ನಾವಾರೂ ಓದಿರಲಿಲ್ಲ. ಕೆಲವು ದಿನಗಳ ನಂತರ ಪೋಲೀಸರ ಪತ್ರ ಬಂದಾಗ, ಹಣ ಕಟ್ಟಿಯಾಗಿದೆಯಲ್ಲ ಎಂದು ಅದನ್ನೂ ಪಕ್ಕಕ್ಕಿಟ್ಟರು. ಹತ್ತು ದಿನ ಹಾಗೆಯೇ ಕಳೆಯಿತು. ಒಂದು ಸಂಜೆ ಮಗಳು ತೆಗೆದು ಓದಿದಾಗ ವಿಷಯ ತಿಳಿಯಿತು: ಆ ದಿನ ಗಾಡಿ ಓಡಿಸುತ್ತಿದ್ದವರು ಯಾರೆಂದು 28 ದಿನದೊಳಗೆ ಬರೆದು ಸಹಿ ಹಾಕಿ ಕಳಿಸಬೇಕು. ಕಳಿಸದಿದ್ದರೆ ಅದೇ ಬೇರೊಂದು ಅಪರಾಧ. ಅದಕ್ಕೆ 1,000 ಪೌಂಡಿನವರೆಗೆ ದಂಡ, ಲೈಸನ್ಸಿನ ಮೇಲೆ 6 ಪಾಯಿಂಟು. ವೇಗದ ತಪ್ಪಿಗೆ ಸಾಮಾನ್ಯವಾಗಿ ಕಟ್ಟಬೇಕಾದದ್ದು 100 ಪೌಂಡು, 3 ಪಾಯಿಂಟು. ಎಂದರೆ ತಪ್ಪಿಗಿಂತ ಮೌನಕ್ಕೇ ಹೆಚ್ಚು ದಂಡ.

ಹೆಸರು ಬರೆಯುವ ಪ್ರಶ್ನೆ

ಇಲ್ಲಿಯವರೆಗಿನದು ಹಣದ ಮಾತು. ನಿಜವಾದ ಪರೀಕ್ಷೆ ಇನ್ನು ಮುಂದಿತ್ತು.

ಬ್ರಿಟನ್ನಿನಲ್ಲಿ ಮೂರು ವರ್ಷದೊಳಗೆ 12 ಪಾಯಿಂಟು ಕೂಡಿದರೆ ಕನಿಷ್ಠ ಆರು ತಿಂಗಳು ಗಾಡಿ ಓಡಿಸದಂತೆ ನ್ಯಾಯಾಲಯ ತಡೆ ಹಾಕುವುದು ಸಾಮಾನ್ಯ. ನಮ್ಮ ಅಳಿಯಂದಿರ ಲೈಸನ್ಸಿನ ಮೇಲೆ ಆಗಲೇ 9 ಪಾಯಿಂಟು ಇದ್ದುವು. ಅವರ ಕೆಲಸ ಯಂತ್ರ ದುರಸ್ತಿಯದು. ದಿನಾ ಒಂದೊಂದು ಊರಿಗೆ ಗಾಡಿಯಲ್ಲಿ ಹೋಗಬೇಕು. ಲೈಸನ್ಸು ಹೋದರೆ ನೌಕರಿಯೂ ಹೋದೀತೆಂಬ ಭಯ. ಮನೆಗೆ ಸಾಲ ಮಾಡಿದ್ದರು, ಕಂತು ಕಟ್ಟಬೇಕು.

ಆಷಾಢದ ಒಂದು ರಾತ್ರಿ, ಹೊರಗೆ ಮಳೆ ಸುರಿಯುತ್ತಿರುವಾಗ ಅವರ ಫೋನು ಬಂತು.

"ಮಾವಾರ, ಒಂದ್ ಮಾತ್ ಕೇಳ್ತೀನಿ, ಬ್ಯಾಸರಾ ಮಾಡ್ಕೋಬ್ಯಾಡ್ರಿ. ಗಾಡಿ ಕಾಗದದಾಗ ನಿಮ್ಮ ಹೆಸರೂ ಐತಿ. ಆ ದಿವಸ ನೀವ ಹೊಡೀತಿದ್ರಿ ಅಂತ ಬರದ್ರ ನನ್ನ ಲೈಸನ್ಸ್ ಉಳೀತೈತ್ರಿ. ನೀವು ಊರಾಗ ಇರ್ತೀರಿ, ನಿಮಗೇನೂ ಆಗಂಗಿಲ್ಲ. ದಂಡದ ರೊಕ್ಕ ನಾನ ಕಟ್ತೀನಿ."

ನಾವು ಒಂದು ಕ್ಷಣವೂ ಯೋಚಿಸಲಿಲ್ಲ. "ಬರೀರಿ, ಅದಕ್ಕೇನಂತ" ಎಂದುಬಿಟ್ಟೆವು. ಮಗಳ ಸಂಸಾರ ನಡೆಯಬೇಕು. ನಮ್ಮ ಹೆಸರು ಒಂದು ಕಾಗದದ ಮೇಲೆ ಬಂದರೆ ಏನು ಸವೆಯುತ್ತದೆ? ಮೂರನೆಯ ದಿನ ನಾವೂ ಆ ಕಾರನ್ನು ಓಡಿಸಿದ್ದು ನಿಜವೇ. ಒಂದು ದಿನದ ಹೆಚ್ಚುಕಡಿಮೆ ತಾನೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆವು. ಓದುವ ಸದಸ್ಯರಲ್ಲಿ ಹತ್ತಕ್ಕೆ ಎಂಟು ಮಂದಿ ಆ ಹೊತ್ತಿನಲ್ಲಿ ಹೀಗೆಯೇ ಹೇಳುತ್ತಿದ್ದರೆಂದು ನಮ್ಮ ನಂಬಿಕೆ.

ಫೋನು ಇಟ್ಟ ಮೇಲೆ ಮನೆಯವರು ಕೇಳಿದರು: "ಆ ಹೊತ್ತಿನ್ಯಾಗ ನೀವು ಹಿಂದಿನ ಸೀಟಿನಾಗ ಗೊರಕಿ ಹೊಡೀತಿದ್ರಿ. ಗೊರಕಿ ಹೊಡ್ಯಾವ್ರು ಗಾಡಿ ಹ್ಯಾಂಗ ಹೊಡೀತಾರ? ಮೊಮ್ಮಗಳು ಬಾಜೂಕ ಕುಂತಿದ್ಲು. ನಾಳೆ ಅಕಿ ಕೇಳಿದ್ರ ಏನ್ ಹೇಳಾವ್ರು?"

ನಮಗೆ ಉತ್ತರ ಹೊಳೆಯಲಿಲ್ಲ. ಮರುದಿನ ಬೆಳಿಗ್ಗೆ ಹಾನಗಲ್ಲಿಗೆ ಹೋಗಿ, ಅಲ್ಲಿ ವಕೀಲಿ ಮಾಡುವ ನಮ್ಮ ಸೋದರಳಿಯನನ್ನು ಕಂಡೆವು. ಎಲ್ಲ ಕೇಳಿ ಅವನು ಹೇಳಿದ್ದು ಇಷ್ಟೇ: "ಮಾಮಾ, ತಪ್ಪಿಂದು ದಂಡ, ಸುಳ್ಳಿಂದು ಜೇಲು. ಯಾವದು ಬೇಕು ನೋಡ್ರಿ." ಆಮೇಲೆ ಎರಡು ಪ್ರಕರಣಗಳನ್ನು ವಿವರಿಸಿದನು. ಎರಡೂ ಪತ್ರಿಕೆಗಳಲ್ಲಿ ದೊಡ್ಡದಾಗಿ ಬಂದಂಥವು. ಸದಸ್ಯರ ತಿಳಿವಳಿಕೆಗಾಗಿ ಅವನ್ನು ಇಲ್ಲಿ ಕೊಡುತ್ತೇವೆ.

ಇಬ್ಬರು ದೊಡ್ಡವರ ಕಥೆ

ಮೊದಲನೆಯದು ಆಸ್ಟ್ರೇಲಿಯದ್ದು. ಮಾರ್ಕಸ್ ಐನ್‌ಫೆಲ್ಡ್ ಎಂಬವರು ಅಲ್ಲಿಯ ಫೆಡರಲ್ ನ್ಯಾಯಾಲಯದಲ್ಲಿ ನ್ಯಾಯಾಧೀಶರಾಗಿದ್ದವರು, ಮಾನವ ಹಕ್ಕುಗಳಿಗಾಗಿ ದುಡಿದು ಹೆಸರು ಪಡೆದವರು. 2006ರ ಜನವರಿಯಲ್ಲಿ, ನಿವೃತ್ತರಾದ ಮೇಲೆ, ಸಿಡ್ನಿಯಲ್ಲಿ ಅವರ ಕಾರು ಮಿತಿಗಿಂತ 10 ಕಿಲೋಮೀಟರು ಹೆಚ್ಚು ವೇಗದಲ್ಲಿ ಹೋಗಿ ಕ್ಯಾಮರಾಕ್ಕೆ ಸಿಕ್ಕಿತು. ದಂಡ 77 ಡಾಲರು. ಕಟ್ಟಿದ್ದರೆ ಅಂದಿಗೇ ಮುಗಿಯುತ್ತಿತ್ತು. ಅವರು ನ್ಯಾಯಾಲಯದಲ್ಲಿ ಪ್ರಮಾಣ ಮಾಡಿ, ಕಾರನ್ನು ಅಮೆರಿಕದಿಂದ ಬಂದಿದ್ದ ಪರಿಚಯದ ಪ್ರಾಧ್ಯಾಪಕಿಯೊಬ್ಬರಿಗೆ ಕೊಟ್ಟಿದ್ದೆ ಎಂದರು. ಪತ್ರಿಕೆಯವರು ಹುಡುಕಿ ನೋಡಿದಾಗ ಆಕೆ ಮೂರು ವರ್ಷ ಮೊದಲೇ, 2003ರಲ್ಲಿ, ತೀರಿಕೊಂಡಿದ್ದರು! ಒಂದು ಸುಳ್ಳನ್ನು ಉಳಿಸಲು ಮತ್ತಷ್ಟು ಸುಳ್ಳು ಹೇಳಿದರು. ಕೊನೆಗೆ 2009ರ ಮಾರ್ಚಿನಲ್ಲಿ ಮೂರು ವರ್ಷದ ಸೆರೆವಾಸದ ಶಿಕ್ಷೆಯಾಯಿತು. ತೀರ್ಪು ಕೊಡುತ್ತಿದ್ದವರೇ ಸೆರೆಮನೆ ಸೇರಿದರು.

ಎರಡನೆಯದು ಇಂಗ್ಲೆಂಡಿನದೇ, ನಮ್ಮ ಪ್ರಸಂಗಕ್ಕೆ ಇನ್ನೂ ಹತ್ತಿರದ್ದು. ಕ್ರಿಸ್ ಹ್ಯೂನ್ ಎಂಬವರ ಕಾರು 2003ರಲ್ಲಿ ಹೆದ್ದಾರಿಯಲ್ಲಿ ಕ್ಯಾಮರಾಕ್ಕೆ ಸಿಕ್ಕಿತು. ಅವರ ಲೈಸನ್ಸಿನ ಮೇಲೂ ಆಗ ಪಾಯಿಂಟುಗಳು ತುಂಬುತ್ತ ಬಂದಿದ್ದುವು. ಓಡಿಸುತ್ತಿದ್ದವಳು ತಾನೆಂದು ಹೆಂಡತಿಯ ಹೆಸರನ್ನು ಬರೆಸಿದರು. ಆರೇಳು ವರ್ಷ ಯಾರಿಗೂ ತಿಳಿಯಲಿಲ್ಲ. ಅಷ್ಟರಲ್ಲಿ ಅವರು ಬ್ರಿಟನ್ನಿನ ಇಂಧನ ಮಂತ್ರಿಯಾದರು. ಸಂಸಾರ ಒಡೆಯಿತು, ಗುಟ್ಟು ಹೊರಬಿತ್ತು. 2012ರಲ್ಲಿ ಮಂತ್ರಿ ಪದವಿ ಹೋಯಿತು. 2013ರ ಮಾರ್ಚಿನಲ್ಲಿ ಗಂಡ ಹೆಂಡತಿ ಇಬ್ಬರಿಗೂ ತಲಾ ಎಂಟು ತಿಂಗಳ ಸೆರೆವಾಸ ವಿಧಿಸಿದರು. ಹೆಸರು ಬರೆಸಿದವರಿಗಷ್ಟೇ ಅಲ್ಲ, ಹೆಸರು ಕೊಟ್ಟವರಿಗೂ ಅಷ್ಟೇ ಶಿಕ್ಷೆ ಎಂಬುದನ್ನು ಗಮನಿಸಬೇಕು. ನ್ಯಾಯದ ದಾರಿ ತಪ್ಪಿಸುವುದು ಅಲ್ಲಿ ದೊಡ್ಡ ಅಪರಾಧ. ವೇಗ ಸಣ್ಣ ಅಪರಾಧ.

ಅಂದು ಸಂಜೆ ನಾವು ಅಳಿಯಂದಿರಿಗೆ ಫೋನು ಮಾಡಿ ಕೊಟ್ಟ ಮಾತನ್ನು ಹಿಂದೆ ತೆಗೆದುಕೊಂಡೆವು. ಮಗಳ ಗಂಡನಿಗೆ "ಆಗುವುದಿಲ್ಲ" ಎನ್ನುವುದು ನಮ್ಮ ಕಡೆ ಸುಲಭದ ಮಾತಲ್ಲವೆಂದು ಸದಸ್ಯರಿಗೆ ಗೊತ್ತು. ಅವರು ತುಸು ಹೊತ್ತು ಮಾತಾಡಲಿಲ್ಲ. ಆಮೇಲೆ "ನೀವು ಹೇಳೂದು ಖರೇ ಐತ್ರಿ" ಎಂದರು. ಆ ರಾತ್ರಿಯೇ ತಮ್ಮ ಹೆಸರು ಬರೆದು ಪತ್ರ ಕಳಿಸಿದರು. ಅವಧಿಗೆ ನಾಲ್ಕು ದಿನ ಉಳಿದಿತ್ತು.

ಸತ್ಯ ಹೇಳಿದ್ದಕ್ಕೆ ಎಲ್ಲವೂ ಸುಖಾಂತವಾಯಿತೆಂದು ಬರೆದರೆ ಅದು ಸರಿಯಲ್ಲ. ಪಾಯಿಂಟು 12 ಮುಟ್ಟುವ ಪ್ರಕರಣವಾದ್ದರಿಂದ 100 ಪೌಂಡು ಕಟ್ಟಿ ಮುಗಿಸುವ ಅವಕಾಶ ಅವರಿಗೆ ಸಿಗಲಿಲ್ಲ, ನ್ಯಾಯಾಲಯಕ್ಕೆ ಹೋಗಬೇಕಾಯಿತು. ಲೈಸನ್ಸು ಹೋದರೆ ಅಸಾಧಾರಣ ಕಷ್ಟವಾಗುತ್ತದೆಂದು ತೋರಿಸಿಕೊಟ್ಟರೆ ತಡೆಯಿಂದ ವಿನಾಯಿತಿ ಕೇಳಲು ಅಲ್ಲಿ ಅವಕಾಶವಿದೆ. ಇವರೂ ಕೇಳಿದರು. ನ್ಯಾಯಾಲಯ ಒಪ್ಪಲಿಲ್ಲ. ಆರು ತಿಂಗಳು ಸ್ಟೀರಿಂಗು ಮುಟ್ಟುವಂತಿರಲಿಲ್ಲ. ಕಂಪನಿಯವರು ನೌಕರಿಯಿಂದ ತೆಗೆಯಲಿಲ್ಲ, ಆದರೆ ಕಡಿಮೆ ಸಂಬಳದ ಒಳಗಿನ ಕೆಲಸಕ್ಕೆ ಹಾಕಿದರು. ಆ ಚಳಿಗಾಲ ಪೂರ್ತಿ ಅವರು ರೈಲು ಬಸ್ಸು ಹಿಡಿದು ಓಡಾಡಿದರು. ಎರಡು ಕಂತಿನ ಹಣ ನಾವು ಅಡಿಕೆ ಮಾರಿ ಕಳಿಸಿದೆವು. ಈಗ ಹಳೆಯ ಪಾಯಿಂಟುಗಳೆಲ್ಲ ಅಳಿಸಿ ಲೈಸನ್ಸು ಮರಳಿ ಬಂದಿದೆ. ಹಳೆಯ ಕೆಲಸವೂ ಸಿಕ್ಕಿದೆ. ಕಷ್ಟಕ್ಕೆ ಒಂದು ಅಳತೆಯಿತ್ತು, ಆರು ತಿಂಗಳು. ನಮ್ಮ ಹೆಸರು ಬರೆದಿದ್ದರೆ ಆ ಭಯಕ್ಕೆ ಅಳತೆಯಿರುತ್ತಿರಲಿಲ್ಲ.

ಮೂರು ತರದ ಕಾಗದ

ಬಾಡಿಗೆ ಗಾಡಿಯ ಮೇಲೆ ಬರುವ ಕಾಗದಗಳೆಲ್ಲ ಒಂದೇ ತರದವಲ್ಲ. ಬ್ರಿಟನ್ನಿನ ಉದಾಹರಣೆಯನ್ನೇ ತೆಗೆದುಕೊಂಡರೆ ಮೂರು ತರ ಹೇಳಬಹುದು.

ಒಂದು, ಪೋಲೀಸರ ಕಾಗದ. ಮಿತಿಮೀರಿದ ವೇಗ, ಕೆಂಪು ದೀಪ ದಾಟಿದ್ದು ಇತ್ಯಾದಿ. ಇದರಲ್ಲಿ ಓಡಿಸಿದವರು ಯಾರೆಂಬುದೇ ಮುಖ್ಯ. ಎರಡು, ಪೌರಸಭೆಯಂಥ ಸ್ಥಳೀಯ ಆಡಳಿತದ ಕಾಗದ. ನಿಲ್ಲಿಸಬಾರದ ಕಡೆ ಗಾಡಿ ನಿಲ್ಲಿಸಿದ್ದು, ಬಸ್ಸಿಗೆ ಮೀಸಲಾದ ಪಟ್ಟಿಯಲ್ಲಿ ಹೋದದ್ದು ಇದರಲ್ಲಿ ಬರುತ್ತವೆ. ಸಾಮಾನ್ಯವಾಗಿ 14 ದಿನದೊಳಗೆ ಕಟ್ಟಿದರೆ ಅರ್ಧ ಮಾಫಿ. ಲಂಡನ್ನಿನ ನಡುಭಾಗಕ್ಕೆ ಗಾಡಿ ಒಯ್ಯಲು 2003ರಿಂದ ಶುಲ್ಕವಿದೆ. ಅಲ್ಲಿ ಗೇಟಿಲ್ಲ, ಚೀಟಿ ಹರಿಯುವವರಿಲ್ಲ, ಕ್ಯಾಮರಾ ಮಾತ್ರ. ಗೊತ್ತಿಲ್ಲದೆ ಒಳಹೊಕ್ಕು ಶುಲ್ಕ ಕಟ್ಟದವರಿಗೆ ದಂಡ ಬರುತ್ತದೆ. ಮೂರು, ಅಂಗಡಿ ಮುಂಗಟ್ಟುಗಳ ಖಾಸಗಿ ನಿಲ್ದಾಣದವರ ಕಾಗದ. ನೋಡಲು ಸರ್ಕಾರದ ನೋಟೀಸಿನಂತೆಯೇ ಇರುತ್ತದೆ, ಆದರೆ ಇದು ಸರ್ಕಾರದ ದಂಡವಲ್ಲ, ಕರಾರಿನ ಹಣದ ಬೇಡಿಕೆ. ಇದನ್ನೂ ಕಸಕ್ಕೆ ಹಾಕಬಾರದು. ಒಪ್ಪಿಗೆಯಿಲ್ಲದಿದ್ದರೆ ತಕರಾರು ಸಲ್ಲಿಸುವ ದಾರಿ ಕಾಗದದಲ್ಲೇ ಬರೆದಿರುತ್ತದೆ.

ಹೀಗಾಗಿ ಮೊದಲ ಕೆಲಸವೆಂದರೆ, ಬಂದ ಕಾಗದ ಯಾರದು, ಯಾವ ದಿನದ್ದು, ಎಷ್ಟು ದಿನದೊಳಗೆ ಉತ್ತರ ಕೇಳಿದೆ ಎಂಬ ಮೂರನ್ನು ನೋಡುವುದು.

ಬೇರೆ ದೇಶಗಳಲ್ಲಿ

ಇಟಲಿಗೆ ಹೋಗುವ ಸದಸ್ಯರಿಗೆ ಒಂದು ವಿಶೇಷ ಎಚ್ಚರಿಕೆ. ಅಲ್ಲಿಯ ಹಳೆಯ ಪಟ್ಟಣಗಳ ನಡುಭಾಗದಲ್ಲಿ ಹೊರಗಿನವರ ಗಾಡಿಗಳಿಗೆ ಪ್ರವೇಶವಿರದ ವಲಯಗಳಿವೆ. ಬಿಳಿಯ ಫಲಕದ ಮೇಲೆ ಕೆಂಪು ಸುತ್ತು, ಪಕ್ಕದಲ್ಲಿ ಸಮಯ ಬರೆದಿರುತ್ತಾರೆ. ದಾರಿ ತಪ್ಪಿ ಎರಡು ಸಲ ಒಳಹೊಕ್ಕರೆ ಎರಡು ದಂಡ. ಪರದೇಶದವರಿಗೆ ಅಲ್ಲಿಂದ ನೋಟೀಸು ಕಳಿಸಲು 360 ದಿನಗಳವರೆಗೆ ಕಾಲಾವಕಾಶವಿದೆ. ಎಂದರೆ ಈ ವರ್ಷ ಹೋಗಿ ಬಂದದ್ದರ ಕಾಗದ ಮುಂದಿನ ಅಡಿಕೆ ಕೊಯ್ಲಿನ ಹೊತ್ತಿಗೆ ಬಂದರೂ ಆಶ್ಚರ್ಯವಿಲ್ಲ. ಬಂದ ಐದು ದಿನದೊಳಗೆ ಕಟ್ಟಿದರೆ ಇಂಥ ದಂಡಗಳಲ್ಲಿ ಶೇಕಡಾ 30 ಕಡಿತ.

ಕೊಲ್ಲಿ ದೇಶಗಳಲ್ಲಿ ನಮ್ಮವರು ಬಹಳ. ಪ್ರವಾಸಿಯಾಗಿ ದುಬೈಗೆ ಹೋಗಿ ಬಾಡಿಗೆ ಕಾರು ಹಿಡಿಯುವ ಭಾರತೀಯರಿಗೆ ಅಂತರರಾಷ್ಟ್ರೀಯ ಪರವಾನಿಗೆ ಬೇಕು. ಅಲ್ಲಿ 2007ರಿಂದ "ಸಾಲಿಕ್" ಎಂಬ ರಸ್ತೆ ಸುಂಕವಿದೆ. ಗಾಡಿ ನಿಲ್ಲಿಸದೆಯೇ ಕಮಾನಿನ ಕೆಳಗೆ ಹಾದರೆ ಲೆಕ್ಕ ಬೀಳುತ್ತದೆ. ಬಾಡಿಗೆ ಕಂಪನಿಯವರು ಸುಂಕವನ್ನೂ ದಂಡವನ್ನೂ ನಮ್ಮ ಠೇವಣಿಯಿಂದಲೋ ಕಾರ್ಡಿನಿಂದಲೋ ಹಿಡಿದುಕೊಳ್ಳುತ್ತಾರೆ. ಇನ್ನೊಂದು ಮಾತು. ದುಬೈ ರಸ್ತೆಗಳಲ್ಲಿ ಫಲಕದ ಮಿತಿಗಿಂತ 20 ಕಿಲೋಮೀಟರಿನವರೆಗೆ ಕ್ಯಾಮರಾ ಸುಮ್ಮನಿರುತ್ತದೆಂಬ ರೂಢಿಯ ಮಾತು ಕೇಳಿ, ಪಕ್ಕದ ಅಬುಧಾಬಿಯಲ್ಲೂ ಹಾಗೆಯೇ ಓಡಿಸಬಾರದು. ಅಬುಧಾಬಿಯಲ್ಲಿ ಆ ಸಡಿಲಿಕೆಯನ್ನು 2018ರ ಆಗಸ್ಟಿನಲ್ಲೇ ತೆಗೆದುಹಾಕಿದ್ದಾರೆ.

ನಮ್ಮ ರಸ್ತೆಗಳಲ್ಲಿ

ಪರದೇಶಕ್ಕೆ ಹೋಗುವವರು ಕೆಲವರು, ಗೋವಾಕ್ಕೆ ಹೋಗುವವರು ಎಲ್ಲರೂ! ಆದ್ದರಿಂದ ನಮ್ಮ ದೇಶದ ನಿಯಮವನ್ನೂ ತಿಳಿದಿರುವುದು ಲೇಸು. ನಾವೇ ಓಡಿಸಿಕೊಳ್ಳಲೆಂದು ಬಾಡಿಗೆಗೆ ಕೊಡುವ ಗಾಡಿಗೆ ಕಪ್ಪು ಫಲಕದ ಮೇಲೆ ಹಳದಿ ಅಕ್ಷರ ಇರಬೇಕು. ಬಿಳಿ ಫಲಕದ ಸ್ವಂತ ಬಳಕೆಯ ಗಾಡಿಯನ್ನು ಯಾರಾದರೂ ಕಡಿಮೆ ದರಕ್ಕೆ ಬಾಡಿಗೆ ಕೊಟ್ಟರೆ ಅದು ಕಾನೂನಿಗೆ ಒಪ್ಪದ್ದು. ಅವಘಡವಾದರೆ ವಿಮೆಯ ಹಣಕ್ಕೂ ತಕರಾರು ಬರುತ್ತದೆ.

ಓಡಿಸಿದವರು ಯಾರೆಂದು ಹೇಳಬೇಕಾದ ಕರ್ತವ್ಯ ನಮ್ಮ ಕಾನೂನಿನಲ್ಲೂ ಇದೆ. 1988ರ ಮೋಟಾರು ವಾಹನ ಕಾಯಿದೆಯ 133ನೆಯ ಕಲಮಿನ ಪ್ರಕಾರ, ಅಧಿಕಾರವುಳ್ಳ ಪೋಲೀಸರು ಕೇಳಿದಾಗ ಗಾಡಿಯ ಒಡೆಯನು ಚಾಲಕನ ಹೆಸರು, ವಿಳಾಸ, ಲೈಸನ್ಸಿನ ವಿವರ ಕೊಡಬೇಕು. ಅಡಿಕೆ ಚೀಲ ಹೇರಿಕೊಂಡು ಶಿರಸಿ ಪೇಟೆಗೆ ಹೋಗುವ ನಮ್ಮ ಪಿಕಪ್ ಗಾಡಿಗಳನ್ನು ಒಮ್ಮೆ ಆಳು, ಒಮ್ಮೆ ಮಗ, ಒಮ್ಮೆ ನೆರೆಮನೆಯವನು ಓಡಿಸುತ್ತಾರೆ. ಚಲನ್ ಬರುವುದು ಒಡೆಯನ ಹೆಸರಿಗೆ. ಯಾವ ದಿನ ಯಾರು ಒಯ್ದರೆಂದು ಒಂದು ವಹಿಯಲ್ಲಿ ಬರೆದಿಡುವುದು ಒಳ್ಳೆಯದು. ಹದಿನೆಂಟು ತುಂಬದ ಹುಡುಗರ ಕೈಗೆ ಗಾಡಿ ಕೊಟ್ಟು ಅಪರಾಧವಾದರೆ ಪೋಷಕರಿಗೋ ಒಡೆಯನಿಗೋ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆವಾಸ ವಿಧಿಸಲು 2019ರ ತಿದ್ದುಪಡಿಯಲ್ಲಿ ಅವಕಾಶವಿದೆ.

ಎಷ್ಟೋ ಸದಸ್ಯರ ಗಾಡಿಯ ದಾಖಲೆಯಲ್ಲಿ ಹಳೆಯ ಮೊಬೈಲ್ ನಂಬರೇ ಇದೆ. ಚಲನ್ ಸಂದೇಶ ಬೇರೆ ಯಾರಿಗೋ ಹೋಗುತ್ತದೆ, ನಮಗೆ ತಿಳಿಯುವಷ್ಟರಲ್ಲಿ ನಾಲ್ಕು ಕೂಡಿರುತ್ತವೆ. ನಂಬರನ್ನು ಸರಿಪಡಿಸಿಕೊಳ್ಳಬೇಕು. ಇದರ ಜೊತೆಗೆ, ಚಲನ್ ಎಂದು ಹೇಳಿ ವಾಟ್ಸಾಪಿನಲ್ಲಿ ಯಾವುದಾದರೂ ಕಡತ ಬಂದರೆ ಅದನ್ನು ಒತ್ತಲೇಬಾರದು. ಅದರಿಂದ ಬ್ಯಾಂಕಿನ ಹಣ ಕಳೆದುಕೊಂಡವರಿದ್ದಾರೆ. ಕೇಂದ್ರ ಸರ್ಕಾರದ ಪರಿವಾಹನ್ ತಾಣದಲ್ಲಿ ಗಾಡಿಯ ನಂಬರು ಹಾಕಿದರೆ ನಿಜವಾದ ಚಲನ್ ಇದ್ದರೆ ಕಾಣುತ್ತದೆ.

ಇಲ್ಲಿ ಇನ್ನೊಂದು ಮಾತನ್ನು ಹೇಳದೆ ಇರಲಾರೆವು. 2023ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಬಾಕಿ ಸಂಚಾರ ದಂಡಗಳ ಮೇಲೆ ಶೇಕಡಾ 50 ರಿಯಾಯಿತಿ ಕೊಟ್ಟಿತು. ಆಮೇಲೆ 2025ರವರೆಗೆ ಇನ್ನೂ ಕೆಲವು ಸಲ ಕೊಟ್ಟಿದೆ. ಆಗ ಸಾಲುಗಟ್ಟಿ ನಿಂತು ಕಟ್ಟಿದವರಲ್ಲಿ ನಾವೂ ಇದ್ದೆವು. ಇದರಿಂದ ನಮಗೆ ಒಂದು ರೂಢಿ ಬಿದ್ದಿದೆ: ತಡೆದವರಿಗೆ ಲಾಭ. ಪರದೇಶಗಳಲ್ಲಿ ಲೆಕ್ಕ ಇದಕ್ಕೆ ತಿರುವುಮುರುವು. ಅಲ್ಲಿ ರಿಯಾಯಿತಿ ಬೇಗ ಕಟ್ಟಿದವರಿಗೆ, ಏರಿಕೆ ತಡೆದವರಿಗೆ. ಊರಿನ ರೂಢಿಯನ್ನು ವಿಮಾನದಲ್ಲಿ ಹೊತ್ತುಕೊಂಡು ಹೋಗಬಾರದು.

ನೆನಪಿಡಬೇಕಾದ ಮಾತುಗಳು

ಗಾಡಿ ಹಿಡಿಯುವಾಗ ಓಡಿಸುವವರೆಲ್ಲರ ಹೆಸರು ಕರಾರು ಪತ್ರದಲ್ಲಿ ಬರೆಸಬೇಕು. ಸಣ್ಣ ಅಕ್ಷರದ ಭಾಗವನ್ನು ಓದಿ, ದಂಡ ಬಂದಾಗ ಕಂಪನಿ ಎಷ್ಟು ಕೈಖರ್ಚು ಹಿಡಿಯುತ್ತದೆಂದು ಕೇಳಬೇಕು.

ಗಾಡಿ ಕೊಡುವಾಗ, ಹಿಂದಿರುಗಿಸುವಾಗ ದಿನಾಂಕ, ವೇಳೆ ಬರೆದ ಚೀಟಿ ಪಡೆಯಬೇಕು. ಅದನ್ನೂ ಕರಾರು ಪತ್ರವನ್ನೂ ಒಂದು ವರ್ಷ ಜೋಪಾನವಾಗಿ ಇಡಬೇಕು. ನಮಗಿಂತ ಹಿಂದೆ ಮುಂದೆ ಹಿಡಿದವರ ದಂಡ ನಮ್ಮ ತಲೆಗೆ ಬಂದರೆ ಆ ಚೀಟಿಯೇ ಆಧಾರ.

ಯಾವ ದಿನ ಯಾರು ಓಡಿಸಿದರೆಂದು ಅಂದಂದೇ ಬರೆದಿಡಬೇಕು. ಎರಡು ತಿಂಗಳ ಮೇಲೆ ಯಾರಿಗೂ ನೆನಪಿರುವುದಿಲ್ಲ.

ಕಾರ್ಡಿನಿಂದ ಹಣ ಕಡಿತವಾದರೆ ದಂಡ ತೀರಿತೆಂದು ತಿಳಿಯದೆ, ಕಂಪನಿಗೆ ಬರೆದು ಏತಕ್ಕೆಂದು ಕೇಳಬೇಕು. ಪತ್ರಕ್ಕೆ ಅವಧಿಯೊಳಗೆ ಉತ್ತರಿಸಿ, ಉತ್ತರದ ನಕಲನ್ನೂ ಹಣ ಕಟ್ಟಿದ ರಸೀದಿಯನ್ನೂ ಇಟ್ಟುಕೊಳ್ಳಬೇಕು. ದಂಡ ತಪ್ಪೆಂದು ಕಂಡರೆ ತಕರಾರನ್ನೂ ಅವಧಿಯೊಳಗೆ ಸಲ್ಲಿಸಬೇಕು.

ಕೊನೆಯದಾಗಿ, ಓಡಿಸಿದವರ ಹೆಸರನ್ನಲ್ಲದೆ ಬೇರೆಯವರ ಹೆಸರನ್ನು ಬರೆಯಬಾರದು. ಕೇಳಿದವರು ಮಗನಾಗಲಿ ಅಳಿಯನಾಗಲಿ, ಬೇಡವೆಂದು ಹೇಳುವ ಧೈರ್ಯ ಹಿರಿಯರಿಗೆ ಇರಬೇಕು.

ಕೊಳೆರೋಗದ ವಿಷಯ ಬೆಳೆಗಾರರಿಗೆ ಹೇಳಿಕೊಡಬೇಕಾಗಿಲ್ಲ. ಮಳೆ ಹಿಡಿಯುವ ಮುಂಚೆ ಶೇಕಡಾ ಒಂದರ ಬೋರ್ಡೋ ದ್ರಾವಣ ಸಿಂಪಡಿಸಿ, ನಲವತ್ತು ನಲವತ್ತೈದು ದಿನದ ಮೇಲೆ ಇನ್ನೊಮ್ಮೆ ಸಿಂಪಡಿಸಿದರೆ ಗೊನೆ ಉಳಿಯುತ್ತದೆ. ಕಾಯಿ ಉದುರತೊಡಗಿದ ಮೇಲೆ ಎಷ್ಟು ಹೊಡೆದರೂ ಹೋದದ್ದು ಹೋಯಿತು. ಸುಣ್ಣ ಸರಿಯಿಲ್ಲದ ಕಳ್ಳ ದ್ರಾವಣ ಹೊಡೆದರೆ ಗೊನೆಯೇ ಸುಡುತ್ತದೆ. ದಂಡದ ಕಾಗದವೂ ಹೀಗೆಯೇ. ಹೊತ್ತಿಗೆ ಸರಿಯಾಗಿ ಉತ್ತರ ಕೊಟ್ಟರೆ ನಷ್ಟ ಒಂದು ಮಿತಿಯಲ್ಲಿ ನಿಲ್ಲುತ್ತದೆ. ಈ ಸಲದ ಬಿಡುವಿನಲ್ಲಿ ಮಕ್ಕಳ ಊರಿಗೆ ಹೊರಡುವ ಸದಸ್ಯರು ಪಾಸ್‌ಪೋರ್ಟಿನ ಜೊತೆ ಈ ಹಾಳೆಯನ್ನೂ ಇಟ್ಟುಕೊಳ್ಳಲಿ. ಪ್ರಯಾಣ ಸುಖಕರವಾಗಲಿ.